ಯಾರು ಕೊಟ್ಟದ್ದು? ಮುಂಬೈಯಲ್ಲಿ ವಲಸೆಯ ಕಲೆಯನ್ನು ಓದುವ ಒಂದು ಶನಿವಾರ

ಕಲೆ ಮತ್ತು ವಲಸೆ ಎಂಬ ವಿಷಯ ಹಿಡಿದು ಮುಂಬೈಗೆ ಬರುವ ವಿದ್ಯಾರ್ಥಿ, ಹೊರದೇಶದ ವಿಶ್ವವಿದ್ಯಾಲಯದಿಂದ ಬರಲಿ, ಧಾರವಾಡದಿಂದ ಬರಲಿ, ಮೊದಲು ನೋಡಬೇಕಾದ್ದು ಕ್ಯಾಲೆಂಡರು. ಸೋಮವಾರ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ರಜೆ. ಭಾನುವಾರ ಕನ್ನಡ ಸಂಘಗಳಲ್ಲಿ ಕಾರ್ಯಕ್ರಮ ಹೆಚ್ಚು, ನಿಜ. ಆದರೆ ಅಂದೇ ರೈಲ್ವೆಯವರ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಗಾಡಿಗಳನ್ನು ತಡೆಯುವುದು. ಯಾವ ಲೋಕಲ್ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಹಾಗಾಗಿ ಈ ಕೆಲಸ ಮಾಡುವ ನಾವು ಶನಿವಾರವನ್ನೇ ಹಿಡಿಯುತ್ತೇವೆ. ತಿಂಗಳು ಜುಲೈ ಅಥವಾ ಆಗಸ್ಟ್ ಆದರೆ ಒಳ್ಳೆಯದು. ಮೇ ಕೊನೆಯ ವಾರ ಬರುವ, ತುಳುವರು ಪತ್ತನಾಜೆ ಎನ್ನುವ ದಿನಕ್ಕೆ ಕರಾವಳಿಯ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಕಲಾವಿದರು ಮಳೆಗಾಲದ ತಿರುಗಾಟಕ್ಕೆ ಮುಂಬೈ ಕಡೆ ಬರುತ್ತಾರೆ. ಆ ತಿಂಗಳುಗಳ ಕಷ್ಟವೂ ಗೊತ್ತಿರಲಿ: ಜೋರು ಮಳೆ ಮತ್ತು ಸಮುದ್ರದ ಭರತ ಒಂದೇ ಹೊತ್ತಿಗೆ ಬಿದ್ದರೆ ಸಾಯನ್, ಕುರ್ಲಾದ ಹಳಿಗಳ ಮೇಲೆ ನೀರು ನಿಲ್ಲುತ್ತದೆ. ಹಿಂದಿನ ರಾತ್ರಿಯೇ ಭರತದ ಹೊತ್ತು ನೋಡಿಕೊಂಡು ಮಲಗಬೇಕು.

ಚೀಲದಲ್ಲಿ ಗೆರೆಯಿಲ್ಲದ ಸಣ್ಣ ಪುಸ್ತಕ, ಎರಡು ಪೆನ್ಸಿಲು (ಗ್ಯಾಲರಿಯೊಳಗೆ ಪೆನ್ನು ತೆಗೆದರೆ ಕಾವಲಿನವರು ತಡೆಯಬಹುದು, ಶಾಯಿ ಚಿತ್ರಕ್ಕೆ ಸಿಡಿದೀತೆಂಬ ಭಯ ಅವರಿಗೆ), ಪವರ್ ಬ್ಯಾಂಕ್, ಫೋನಿಗೆ ಚುಚ್ಚುವ ಪುಟ್ಟ ಕಾಲರ್ ಮೈಕು, ಎಲ್ಲವನ್ನೂ ಸುತ್ತಿಡಲು ದಪ್ಪ ಪ್ಲಾಸ್ಟಿಕ್ ಚೀಲ. ವಿದ್ಯಾರ್ಥಿ ಗುರುತಿನ ಚೀಟಿಯ ಮೇಲೆ ಅವಧಿ ಮುಗಿಯುವ ತಾರೀಕು ಇದ್ದರೆ ಒಳ್ಳೆಯದು. ಕೆಲವು ಹೊರದೇಶದ ಕಾರ್ಡುಗಳಲ್ಲಿ ಅದು ಇರುವುದಿಲ್ಲ. ಆಗ ಸಂಗ್ರಹಾಲಯದ ಟಿಕೆಟ್ ಕಿಟಕಿಯಲ್ಲಿ ರಿಯಾಯಿತಿ ಹೋಗಿ, ಪಾಸ್‌ಪೋರ್ಟೂ ಹೊರದೇಶದ್ದಾದರೆ ಪರದೇಶಿಗಳ ದರವೇ ಬೀಳಬಹುದು.

ಪುಸ್ತಕದ ಪ್ರತಿ ಪುಟಕ್ಕೂ ಮನೆಯಲ್ಲೇ ಏಳು ಕಾಲಂ ಎಳೆದಿಟ್ಟುಕೊಳ್ಳಿ: ಮಾಡಿದವರು, ಅವರು ಹುಟ್ಟಿದ ಊರು, ವರ್ಷ, ಮಾಧ್ಯಮ, ಅಳತೆ, ದಾಖಲೆ ಸಂಖ್ಯೆ, ಯಾರು ಕೊಟ್ಟದ್ದು. ದಿನವಿಡೀ ಇದೇ ಏಳು ಕಾಲಂ. ಬೆಳಿಗ್ಗೆ ಚಿತ್ರಶಾಲೆಯಲ್ಲಿ, ಮಧ್ಯಾಹ್ನ ಹೋಟೆಲಿನ ಗೋಡೆಗೆ, ಸಂಜೆ ಚೌಕಿಗೆ, ಅಂದರೆ ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಗೆ. ಹೊಸಬರು ಕೊನೆಯ ಕಾಲಂ ಖಾಲಿ ಬಿಟ್ಟೇ ಬರುತ್ತಾರೆ. ನನ್ನ ಮಟ್ಟಿಗೆ ವಲಸೆಯ ಕಥೆ ಅರ್ಧಕ್ಕರ್ಧ ಇರುವುದು ಅಲ್ಲೇ.

ಜೆ.ಜೆ. ಕಲಾಶಾಲೆಯನ್ನೇ ತೆಗೆದುಕೊಳ್ಳಿ. ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಿಂದ ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆದರೆ ಎಡಕ್ಕೆ ಸಿಗುತ್ತದೆ. ಒಳಗೆ ಬಿಡದಿದ್ದರೆ ಗೇಟಿನ ಹೊರಗಿನಿಂದಲೇ ನೋಡಿದರೂ ಸಾಕು. 1857ರಲ್ಲಿ ಶುರುವಾದ ಶಾಲೆ ಇದು. ಹಣ ಕೊಟ್ಟ ಜಮ್ಶೇಟ್‌ಜಿ ಜೀಜೀಭಾಯಿ ಗಳಿಸಿದ್ದು ಚೀನಾದೊಂದಿಗಿನ ಹತ್ತಿ, ಅಫೀಮಿನ ವ್ಯಾಪಾರದಲ್ಲಿ. 1865ರಲ್ಲಿ ಇಲ್ಲಿಗೆ ಪಾಠ ಹೇಳಲು ಇಂಗ್ಲೆಂಡಿನಿಂದ ಬಂದ ಲಾಕ್‌ವುಡ್ ಕಿಪ್ಲಿಂಗ್ ಕೈಯ ಉಬ್ಬುಶಿಲ್ಪಗಳು ಕ್ರಾಫರ್ಡ್ ಮಾರ್ಕೆಟ್ಟಿನ ಬಾಗಿಲ ಮೇಲೆ ಇವತ್ತಿಗೂ ಇವೆ. ಅವುಗಳ ಕೆಳಗೆ ಹಣ್ಣಿನ ಬುಟ್ಟಿ ಹೊತ್ತವರ ಓಡಾಟ ಎಷ್ಟಿರುತ್ತದೆಂದರೆ ನಿಂತು ಬರೆಯಲು ಜಾಗ ಸಿಗುವುದಿಲ್ಲ. ಒಂಬತ್ತು ಗಂಟೆಗೆ ಮೊದಲು ಹೋದರೆ ಉಂಟು, ಇಲ್ಲದಿದ್ದರೆ ಬಿಟ್ಟುಬಿಡಿ.

ಅಲ್ಲಿಂದ ಕಾಲಾ ಘೋಡಾಕ್ಕೆ ಅರ್ಧ ಗಂಟೆಯೊಳಗಿನ ನಡಿಗೆ. ಹನ್ನೊಂದಕ್ಕೆ ಜಹಾಂಗೀರ್ ಆರ್ಟ್ ಗ್ಯಾಲರಿ ತೆರೆಯುತ್ತದೆ, ಪ್ರವೇಶ ಉಚಿತ. ಪ್ರದರ್ಶನಗಳು ಮಂಗಳವಾರದಿಂದ ಸೋಮವಾರದವರೆಗೆ, ವಾರಕ್ಕೊಂದರಂತೆ ಬದಲಾಗುತ್ತವೆ. ಅಂದರೆ ಶನಿವಾರದ ಹೊತ್ತಿಗೆ ಕಲಾವಿದರು ಉದ್ಘಾಟನೆಯ ಗದ್ದಲ ಮುಗಿಸಿ ತಮ್ಮ ಚಿತ್ರಗಳ ಮುಂದೆ ಸುಮ್ಮನೆ ಕೂತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಈ ಗೋಡೆಗಾಗಿ ವರ್ಷಗಟ್ಟಲೆ ಕಾದವರು ಅವರು. ಯಾವ ಊರಿನಿಂದ ಬಂದಿರಿ, ಚಿತ್ರ ಹೇಗೆ ತಂದಿರಿ, ಫ್ರೇಮು ಇಲ್ಲೇ ಹಾಕಿಸಿದಿರೋ ಊರಲ್ಲೋ, ಉಳಿದುಕೊಂಡದ್ದು ಎಲ್ಲಿ ಎಂದು ಕೇಳಿ. ಶೈಲಿಯ ಬಗ್ಗೆ ಕೇಳಿದರೆ ಕ್ಯಾಟಲಾಗಿನಲ್ಲಿ ಅಚ್ಚಾದದ್ದನ್ನೇ ಹೇಳುತ್ತಾರೆ. ಸಾಗಾಟದ ಬಗ್ಗೆ ಕೇಳಿದರೆ ಬೇರೆಲ್ಲೂ ಸಿಗದ ಮಾತು ಬರುತ್ತದೆ. ಸುರುಳಿ ಸುತ್ತಿ ರೈಲಿನಲ್ಲಿ ತರಬೇಕೆಂದರೆ ಕ್ಯಾನ್ವಾಸಿನ ಮೇಲೆ ಬಣ್ಣ ದಪ್ಪಗೆ ಬಳಿಯುವಂತಿಲ್ಲ, ಬಿರಿಯುತ್ತದೆ. ಚಿತ್ರದ ಗಾತ್ರವನ್ನೂ ಬಣ್ಣದ ದಪ್ಪವನ್ನೂ ಪ್ರಯಾಣ ತೀರ್ಮಾನಿಸಿದ ಉದಾಹರಣೆಗಳು ಹೀಗೆ ಕೈಗೆ ಸಿಗುತ್ತವೆ.

ಇದೇ ಗ್ಯಾಲರಿ 1952ರಲ್ಲಿ ತೆರೆಯುವಂತೆ ಸರ್ ಕಾವಸ್‌ಜಿ ಜಹಾಂಗೀರರ ಬೆನ್ನು ಹತ್ತಿದವರಲ್ಲಿ ಇಬ್ಬರ ಹೆಸರು ಮುಖ್ಯ: ವಿಜ್ಞಾನಿ ಹೋಮಿ ಭಾಭಾ ಮತ್ತು ಚಿತ್ರಕಾರ ನಮ್ಮ ಕೆ.ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರು ಜೆ.ಜೆ.ಯಲ್ಲಿ ಕಲಿತು, ಅಲ್ಲೇ ಪಾಠ ಹೇಳಿ, 1949-50ರಲ್ಲಿ ಪ್ಯಾರಿಸ್ಸಿಗೆ ಹೋಗಿ ಮರಳಿ ಮುಂಬೈಯಲ್ಲೇ ನೆಲೆನಿಂತವರು. ಅವರ ಗೆರೆಯಲ್ಲಿ ಕುಣಿತದ ಓಟ ಇದೆಯೆಂದು ಎಲ್ಲರೂ ಬರೆಯುತ್ತಾರೆ. ಅಲ್ಲಿಂದ ಒಂದೇ ನೆಗೆತಕ್ಕೆ 'ಇದು ತುಳುನಾಡಿನ ಯಕ್ಷಗಾನದ ಪ್ರಭಾವ' ಎಂದು ಬರೆದು ಮುಗಿಸುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಹಾಗೆ ಹೇಳಬೇಕಾದರೆ ಯಾವ ವರ್ಷದ, ಯಾವ ರೇಖಾಚಿತ್ರದ, ಯಾವ ಭಂಗಿ ಎಂದು ಬೊಟ್ಟು ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ಊರಿನ ಹೆಸರು ಎರಡನೇ ಕಾಲಂನಲ್ಲಿ ಮಾತ್ರ ಇರಲಿ.

ಎದುರಿಗಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 1911ರ ಕಾವಸ್‌ಜಿ ಜಹಾಂಗೀರ್ ಸಭಾಂಗಣದೊಳಗೆ 1996ರಲ್ಲಿ ಶುರುವಾದದ್ದು. ಹಾಲ್, ಗ್ಯಾಲರಿ ಎರಡೂ ಒಂದೇ ಪಾರ್ಸಿ ಮನೆತನದ ದಾನ, ಮತ್ತು ಪಾರ್ಸಿಗಳು ಇರಾನಿನಿಂದ ಗುಜರಾತಿಗೆ, ಗುಜರಾತಿನಿಂದ ಮುಂಬೈಗೆ ಬಂದವರು. ಇಲ್ಲಿ ಎಡವುವುದು ಒಂದೇ ಕಡೆ: ನೀವು ಓದಿಕೊಂಡು ಬಂದ ಚಿತ್ರ ಗೋಡೆಯ ಮೇಲೆ ಇರುವುದೇ ಇಲ್ಲ. ಪ್ರದರ್ಶನ ಬದಲಾಗುತ್ತಲೇ ಇರುತ್ತದೆ, ಸಂಗ್ರಹದ ಹೆಚ್ಚಿನ ಭಾಗ ಉಗ್ರಾಣದಲ್ಲಿರುತ್ತದೆ. ನಿರ್ದಿಷ್ಟ ಚಿತ್ರವೇ ಬೇಕೆಂದರೆ ಮಾರ್ಗದರ್ಶಕರ ಸಹಿಯ ಪತ್ರದೊಂದಿಗೆ ವಾರಗಳ ಮೊದಲೇ ಬರೆದು ಕೇಳಬೇಕು. ಆ ಪತ್ರದಲ್ಲಿ 'ವಲಸೆಗೆ ಸಂಬಂಧಿಸಿದ ಚಿತ್ರಗಳು' ಎಂದಷ್ಟೇ ಬರೆದರೆ ಉತ್ತರ ಬರುವ ಆಸೆ ಬೇಡ. ಕಲಾವಿದರ ಹೆಸರು, ವರ್ಷ, ಸಾಧ್ಯವಾದರೆ ದಾಖಲೆ ಸಂಖ್ಯೆ ಇರಲಿ.

ಗೋಡೆಯ ಮೇಲೆ ಇರುವುದರಲ್ಲಿ ಐದಕ್ಕಿಂತ ಹೆಚ್ಚು ಚಿತ್ರ ಆರಿಸಬೇಡಿ, ಒಂದೊಂದಕ್ಕೆ ಹದಿನೈದು ನಿಮಿಷ. ಮೊದಲ ಐದು ನಿಮಿಷ ಲೇಬಲ್ ಓದದೆ ನೋಡುವುದು, ಮುಂದಿನ ಐದು ಪೆನ್ಸಿಲಿನಲ್ಲಿ ಒರಟು ನಕ್ಷೆ, ಕೊನೆಗೆ ಲೇಬಲ್ಲನ್ನು ಕೈಯಲ್ಲೇ ಬರೆದುಕೊಳ್ಳುವುದು. ಫೋಟೊಗೆ ಅನುಮತಿ ಇದ್ದರೂ ಕೈಬರಹ ಬಿಡಬೇಡಿ. ಗಾಜಿನ ಮೇಲೆ ದೀಪದ ಹೊಳಪು ಬಿದ್ದು ಅಕ್ಷರ ಕಾಣದೆ ಹೋಗುತ್ತದೆ, ಇಲ್ಲವೇ ಮನೆಗೆ ಬಂದ ಮೇಲೆ ಯಾವ ಲೇಬಲ್ ಯಾವ ಚಿತ್ರದ್ದೆಂದು ತಿಳಿಯುವುದಿಲ್ಲ. ಮೂಲೆಯ ಸಹಿ ಯಾವ ಲಿಪಿಯಲ್ಲಿದೆ ನೋಡಿ. ಎಂ.ಎಫ್. ಹುಸೇನ್ ದೇವನಾಗರಿಯಲ್ಲೂ ಉರ್ದುವಿನಲ್ಲೂ ಸಹಿ ಹಾಕಿದವರು. ಎಸ್.ಎಚ್. ರಝಾ 1950ರಲ್ಲಿ ಪ್ಯಾರಿಸ್ಸಿಗೆ ಹೋಗಿ, ದಶಕಗಳ ನಂತರ ಅಲ್ಲೇ ಕೂತು ಕ್ಯಾನ್ವಾಸಿನ ಮೇಲೆ ದೇವನಾಗರಿ ಸಾಲುಗಳನ್ನು ಬರೆದರು.

1947ರಲ್ಲಿ ಮುಂಬೈಯಲ್ಲಿ ಹುಟ್ಟಿದ ಕಲಾವಿದರ ಕೂಟ, ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ಆರು ಜನರ ಎರಡನೇ ಕಾಲಂ ತುಂಬಿಸಿದರೆ ಮುಂಬೈ ಎಂಬ ಹೆಸರೇ ಬರುವುದಿಲ್ಲ. ಸೋಜಾ ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಸಾಳಿಗಾಂವದವರು, ಹುಸೇನ್ ಪಂಢರಪುರದವರು, ಆರಾ ಸಿಕಂದರಾಬಾದ್ ಬಳಿಯ ಬೊಲಾರಮ್‌ನವರು, ಬಾಕ್ರೆ ಬರೋಡಾದವರು, ಗಾಡೆ ಅಮರಾವತಿ ಕಡೆಯವರು, ರಝಾ ಮಧ್ಯಪ್ರದೇಶದವರು. ಆರಾ ಈ ಊರಿನಲ್ಲಿ ಕಾರು ತೊಳೆದರು, ಹುಸೇನ್ ಸಿನಿಮಾ ಹೋರ್ಡಿಂಗ್ ಬರೆದರು. ಇವರ ಬೆನ್ನಿಗೆ ನಿಂತವರ ಕಾಲಂ ಇನ್ನೂ ಸ್ವಾರಸ್ಯದ್ದು: ವಿಯೆನ್ನಾದಿಂದ ಬಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾ ನಿರ್ದೇಶಕರಾದ ವಾಲ್ಟರ್ ಲಾಂಗ್‌ಹ್ಯಾಮರ್, ಜರ್ಮನಿಯಿಂದ ಬಂದು ವಿಮರ್ಶೆ ಬರೆದ ರುಡಾಲ್ಫ್ ಫಾನ್ ಲೇಡನ್, ಚಿತ್ರಗಳನ್ನು ಕೊಂಡು ಸಂಗ್ರಹಿಸಿದ ವಿಯೆನ್ನಾದ ಇಮ್ಯಾನುಯೆಲ್ ಶ್ಲೆಸಿಂಗರ್. ಮೂವರೂ ಹಿಟ್ಲರನ ಕಾಲದಲ್ಲಿ ಯುರೋಪ್ ಬಿಟ್ಟವರು. ಬರೆದವರೂ ಹೊರಗಿನವರು, ಕೊಂಡವರೂ ಹೊರಗಿನವರು. ಆ ಚಿತ್ರಗಳಲ್ಲಿ ಗಂಟುಮೂಟೆ ಹೊತ್ತ ಜನರನ್ನು ಹುಡುಕುತ್ತ ಹೋದರೆ ಈ ಸಂಗತಿ ತಪ್ಪಿಹೋಗುತ್ತದೆ.

ಒಂದೂವರೆಗೆ ಹೊರಟು ಸಿ.ಎಸ್.ಎಂ.ಟಿ.ಯಿಂದ ಸ್ಲೋ ಲೋಕಲ್ ಹಿಡಿಯಬೇಕು. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ದಾದರ್ ದಾಟಿದರೆ ಕುರ್ಲಾಕ್ಕೇ ಹೋಗಿ ವಾಪಸು ಬರಬೇಕಾದೀತು. ಮಾಟುಂಗಾ ನಿಲ್ದಾಣದ ಎದುರಿಗೇ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಶನಿವಾರ ಮಧ್ಯಾಹ್ನ ಸಾಲು ಉದ್ದ ಇರುತ್ತದೆ. ಊಟ ಅಲ್ಲೇ ಮಾಡಿ, ಆದರೆ ಮಾತುಕತೆಗೆ ಅಷ್ಟು ಗಿರಾಕಿ ಇಲ್ಲದ ಸಣ್ಣ ಹೋಟೆಲು ವಾಸಿ.

ಆ ಸಣ್ಣ ಹೋಟೆಲಿನಲ್ಲಿ ಗಲ್ಲೆಯ ಹಿಂದಿನ ಗೋಡೆಯನ್ನು ಬೆಳಗಿನ ಅದೇ ಶಿಸ್ತಿನಿಂದ ಓದಬೇಕು. ನಡುವೆ ಉಡುಪಿಯ ಕಡೆಗೋಲು ಕೃಷ್ಣ, ಕೆಂಪು ಬಲ್ಬಿನ ಕೆಳಗೆ. ಪಕ್ಕದಲ್ಲಿ ಸ್ಥಾಪಕರ ಫೋಟೊ, ಗಂಧದ ಹಾರ. ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣಿಕೆ, ಅದರ ಹಿತ್ತಾಳೆ ತಗಡಿನ ಮೇಲೆ ದಾನಿಯ ಹೆಸರು, ಇಸವಿ. ಸಂಘದ ಕ್ಯಾಲೆಂಡರು, ಕೆಳಗೆ ಜಾಹೀರಾತು ಕೊಟ್ಟ ಮಸಾಲೆ ವ್ಯಾಪಾರಿಯ ವಿಳಾಸ. ಮಾಡಿದವರು ಯಾರೆಂದು ಈ ಗೋಡೆ ಹೇಳುವುದೇ ಇಲ್ಲ, ಮೊದಲ ಕಾಲಂ ಪೂರ್ತಿ ಖಾಲಿ. ಏಳನೆಯದು ಮಾತ್ರ ತುಂಬಿ ತುಳುಕುತ್ತದೆ. ಚಿತ್ರಶಾಲೆಯ ಲೇಬಲ್ಲಿಗೆ ಸರಿಯಾಗಿ ತಿರುಗುಮುರುಗು. ಫೋಟೊ ತೆಗೆಯುವ ಮೊದಲು ಗಲ್ಲೆಯಲ್ಲಿ ಕೂತವರನ್ನು ಕೇಳಿ. ಕೇಳದೆ ತೆಗೆದರೆ ಮುನಿಸಿಪಾಲಿಟಿಯವರೋ ಎಂಬ ಅನುಮಾನ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ.

ಮೂರರಿಂದ ನಾಲ್ಕೂವರೆ, ಊಟ ಮುಗಿದು ಸಂಜೆಯ ಚಹಾ ಶುರುವಾಗುವ ನಡುವಿನ ಹೊತ್ತು, ಕೆಲಸದವರು ಕೂರುವುದು ಆಗ ಮಾತ್ರ. ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಎರಡು-ಮೂರು ಪುಟ ಇರುತ್ತದೆ. ಅದನ್ನು ಮುಂದಿಟ್ಟರೆ 'ಸಹಿ ಗಿಹಿ ಬೇಡ ಮಾರಾಯ್ರೇ' ಎಂದು ಎದ್ದುಹೋಗುತ್ತಾರೆ. ಕನ್ನಡದಲ್ಲಿ ಒಂದೇ ಪುಟ ಮಾಡಿಕೊಂಡು ಓದಿ ಹೇಳಿ, ಒಪ್ಪಿಗೆಯನ್ನು ರೆಕಾರ್ಡಿನಲ್ಲೇ ತೆಗೆದುಕೊಳ್ಳುವುದು ಸುಲಭ; ಮಾರ್ಗದರ್ಶಕರ ಅನುಮತಿಯನ್ನು ಮೊದಲೇ ಪಡೆದಿರಿ. ಅಡುಗೆಯವರನ್ನು ಭಟ್ರೇ ಎಂದೋ ಅಣ್ಣ ಎಂದೋ ಕರೆಯಿರಿ, ಸರ್ ಅಂದರೆ ಬಿಗಿಯಾಗುತ್ತಾರೆ. ಫ್ಯಾನಿನ ನೇರ ಕೆಳಗೆ, ಗ್ರೈಂಡರಿನ ಪಕ್ಕದ ಗೋಡೆಗೆ ಕೂರಬೇಡಿ. ಮೈಕು ಮಾತಿಗಿಂತ ಅವನ್ನೇ ಚೆನ್ನಾಗಿ ಹಿಡಿಯುತ್ತದೆ.

ಇಸವಿ ಕೇಳಿದರೆ ತಪ್ಪು ಉತ್ತರ ಬರುವುದೇ ಹೆಚ್ಚು. ಹೇಗೆ ಬಂದಿರಿ ಎಂದು ಕೇಳಿ. ಹಡಗಿನ ಮಾತು ಬಂದರೆ ಹಳೆಯ ತಲೆಮಾರು. ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದದ್ದಾದರೆ ಅದರ ನಂತರದವರು. ಮತ್ಸ್ಯಗಂಧ ರೈಲು ಎಂದರೆ 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಬಂದವರು. ಆಮೇಲೆ ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಕ್ಲೀನರಿನಿಂದ ಸಪ್ಲೈಯರ್ ಆಗಲು ಎಷ್ಟು ಕಾಲ ಹಿಡಿಯಿತು, ರಾತ್ರಿ ಶಾಲೆಗೆ ಹೋದಿರಾ, ಮೊದಲು ನೋಡಿದ ಯಕ್ಷಗಾನದ ಆಟ ಯಾವುದು, ಟಿಕೆಟ್ಟಿಗೆ ದುಡ್ಡು ಕೊಟ್ಟವರು ಯಾರು. ಎಷ್ಟನೇ ವಯಸ್ಸಿಗೆ ಬಂದಿರಿ ಎಂಬ ಪ್ರಶ್ನೆಯನ್ನು ಧಣಿಗಳ ಎದುರಿಗೆ ಕೇಳಲೇಬಾರದು. ಹಿಂದಿನವರಲ್ಲಿ ಹತ್ತು-ಹನ್ನೆರಡಕ್ಕೇ ಬಂದವರು ಬಹಳ. 2006ರಿಂದ ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆ ಕಾನೂನುಬಾಹಿರ, ಹಾಗಾಗಿ ಹಳೆಯ ಕಥೆಯೂ ಇಂದಿನ ಹೋಟೆಲಿಗೆ ಅಂಟೀತೆಂಬ ಹೆದರಿಕೆ.

ಇಲ್ಲೊಂದು ತಕರಾರು ನನ್ನದು. ಮುಂಬೈ ಕನ್ನಡಿಗರ ವಲಸೆ ಎಂದರೆ ಉಡುಪಿ ಹೋಟೆಲಿಗೆ ಬಂದು ನಿಂತುಬಿಡುವ ಓದು ಅರೆಬರೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಸಭಾಂಗಣವಿಲ್ಲ, ಸ್ಮರಣ ಸಂಚಿಕೆಯಿಲ್ಲ, ಆದ್ದರಿಂದ ಪ್ರಬಂಧಗಳಲ್ಲೂ ಅವರಿಲ್ಲ. ಅವರು ಕೂಲಿಗಾಗಿ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವಲ್ಲಿ, ನಿಲ್ಲುವುದು ಬೆಳಿಗ್ಗೆ ಏಳರಿಂದ ಒಂಬತ್ತು; ಆಗ ಮಾತಿಗೆ ಎಳೆದರೆ ಅವರ ಅಂದಿನ ಕೂಲಿ ತಪ್ಪುತ್ತದೆ. ಹತ್ತರ ಮೇಲೂ ಅಲ್ಲೇ ಉಳಿದವರಿಗೆ ಆ ದಿನ ಕೆಲಸ ಸಿಕ್ಕಿಲ್ಲವೆಂದೇ ಅರ್ಥ, ಅವರ ಜೊತೆ ಚಹಾ ಕುಡಿಯುತ್ತ ಕೂರಬಹುದು. ಅದಕ್ಕೆ ಬೇರೆಯೇ ದಿನ ಇಡಿ.

ಸಂಜೆಯದು ಯಕ್ಷಗಾನ. ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಶನ್, ಮಾಹೀಮಿನಲ್ಲಿ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಕುರ್ಲಾದಲ್ಲಿ ಬಂಟರ ಸಂಘ, ಸಾಂತಾಕ್ರೂಜಿನಲ್ಲಿ ಬಿಲ್ಲವರ ಸಂಘ. ಯಾವ ಸಭಾಂಗಣದಲ್ಲಿ ಯಾವ ಆಟ ಎಂದು ತಿಳಿಯಲು ಮುಂಬೈಯ ಕನ್ನಡ ದಿನಪತ್ರಿಕೆಯೇ ಆಗಬೇಕು. ಆಟ ಆರಕ್ಕೆ ಎಂದಿದ್ದರೆ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂರುವುದು ಮೂರಕ್ಕೇ. ಅಂದರೆ ಹೋಟೆಲಿನ ಮಾತುಕತೆ ಮತ್ತು ಚೌಕಿ ಒಂದೇ ದಿನ ಪೂರ್ತಿ ದಕ್ಕುವುದಿಲ್ಲ. ಒಂದು ವಾರ ಅದು, ಇನ್ನೊಂದು ವಾರ ಇದು ಎಂದು ಹಂಚಿಕೊಳ್ಳಬೇಕು. ಎರಡನ್ನೂ ಒಂದೇ ದಿನ ಮುಗಿಸುತ್ತೇನೆಂದು ಓಡುವವರಿಗೆ ಎರಡೂ ಕಡೆ ಮುಖ್ಯವಾದದ್ದು ತಪ್ಪುತ್ತದೆ.

ಚೌಕಿಗೆ ಚಪ್ಪಲಿ ಹೊರಗೆ ಬಿಟ್ಟೇ ಹೋಗಬೇಕು, ಒಳಗೆ ಗಣಪತಿ ಇರುತ್ತಾನೆ. ಭಾಗವತರಿಗೆ ಮೊದಲು ನಮಸ್ಕಾರ, ಆಮೇಲೆ ಬಾಗಿಲ ಬದಿಗೆ ಗೋಡೆಗೊರಗಿ ಕೂತುಬಿಡಿ, ಪೆಟ್ಟಿಗೆ ದಾಟಬೇಡಿ. ಮುಖಕ್ಕೆ ಮೊದಲು ತೆಂಗಿನೆಣ್ಣೆ, ಅದರ ಮೇಲೆ ಬಿಳಿ, ಅರದಲದ ಹಳದಿ, ಇಂಗಳೀಕದ ಕೆಂಪು ಬೆರೆಸಿದ ತಳಬಣ್ಣ, ಕಣ್ಣಿಗೆ ಕಾಡಿಗೆ. ರಾಕ್ಷಸ ವೇಷವಾದರೆ ಚಿಟ್ಟಿ: ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ್ದನ್ನು ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳಿನಂತೆ ಎತ್ತಿ ನಿಲ್ಲಿಸುತ್ತ ಹೋಗುವುದು. ಒಂದು ಸಾಲು ಒಣಗುವವರೆಗೆ ಮಾತಿಲ್ಲ, ನಗುವಿಲ್ಲ, ತುಟಿ ಅಲುಗಿದರೆ ಕೆನ್ನೆಯ ಚಿಟ್ಟಿ ಉದುರುತ್ತದೆ. ಆ ಹೊತ್ತಿನಲ್ಲಿ ಪ್ರಶ್ನೆ ಕೇಳುವ ವಿದ್ಯಾರ್ಥಿಗೆ ಸಿಗುವುದು ಒಂದು ನೋಟ ಮಾತ್ರ. ಬಡಗು ಎನ್ನುವ ಉತ್ತರದ ಶೈಲಿಯ ಆಟವಾದರೆ ಕೇದಗೆ ಮುಂದಲೆ ಎಂಬ ಶಿರೋಭೂಷಣವನ್ನು ತಲೆಯ ಮೇಲೆ ಪ್ರತಿ ಸಲ ಹೊಸದಾಗಿ ಕಟ್ಟುತ್ತಾರೆ, ಅದನ್ನು ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಲು ಅನುಮತಿ ಕೇಳಿ. ಮಳೆಯ ತೇವಕ್ಕೆ ಚೆಂಡೆ, ಮದ್ದಳೆಗಳ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಏಸಿ ಸಭಾಂಗಣದ ಒಣಗಾಳಿಗೆ ಮತ್ತೆ ಏರುತ್ತದೆ. ಮದ್ದಳೆಯವರು ಆಟದ ನಡುವೆ ಶ್ರುತಿ ಸರಿಮಾಡಿಕೊಳ್ಳುವುದನ್ನು ಗಂಟೆ ನಿಮಿಷದೊಂದಿಗೆ ಬರೆದಿಡಿ.

ಬರೆಯಲೇಬೇಕಾದ ಇನ್ನೊಂದು ಲೆಕ್ಕ ಅವಧಿಯದು. ಊರಿನ ಬಯಲಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಪ್ರಸಂಗ ಇಲ್ಲಿ ಮೂರು-ನಾಲ್ಕು ಗಂಟೆಗೆ ಇಳಿದಿದೆ. ಸಭಾಂಗಣದ ಬಾಡಿಗೆ ಗಂಟೆಯ ಲೆಕ್ಕದ್ದು, ಬಯಲಲ್ಲಿ ಆಡಿಸಿದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಪ್ರೇಕ್ಷಕರಿಗೆ ಮೀರಾ ರೋಡಿಗೋ ಡೊಂಬಿವಲಿಗೋ ಕೊನೆಯ ಲೋಕಲ್ ತಪ್ಪಬಾರದು. ಎಲ್ಲಕ್ಕಿಂತ ಮೊದಲು ಕತ್ತರಿ ಬೀಳುವುದು ಪ್ರಸಂಗಕ್ಕೆ ಮೊದಲು ಬರುವ ಕೋಡಂಗಿ, ಬಾಲಗೋಪಾಲ ವೇಷಗಳ ಪೂರ್ವರಂಗಕ್ಕೆ. ಸನ್ಮಾನ ಕಾರ್ಯಕ್ರಮಕ್ಕೆ ಕತ್ತರಿಯೇ ಇಲ್ಲ! ಆಟದ ನಡುವೆ ವೇದಿಕೆಗೆ ಕುರ್ಚಿ ಬಂದು, ಶಾಲು, ಹಾರ, ಫಲತಾಂಬೂಲ ನಡೆಯುವಾಗ ವಿದ್ಯಾರ್ಥಿಗಳು ಚಹಾಕ್ಕೆ ಎದ್ದುಹೋಗುತ್ತಾರೆ. ಹೋಗಬಾರದು. ಏಳನೇ ಕಾಲಂ ತುಂಬುವುದು ಆಗಲೇ. ಯಾರಿಗೆ ಶಾಲು, ಅವರ ಹೋಟೆಲು ಎಲ್ಲಿ, ಊರು ಯಾವುದು, ಬ್ಯಾನರಿನಲ್ಲಿ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿದೆ, ಸಂಘಟಕರು ಧನ್ಯವಾದ ಹೇಳುವಾಗ ಯಾವ ಅನುಕ್ರಮ ಹಿಡಿದರು. ಬ್ಯಾನರಿನ ಫೋಟೊ ಆಟ ಮುಗಿಯುವ ಮೊದಲೇ ತೆಗೆಯಿರಿ. ಮಂಗಳ ಹಾಡುವಷ್ಟರಲ್ಲಿ ಬಿಚ್ಚಿ ಸುತ್ತಿರುತ್ತಾರೆ. ಮಕ್ಕಳ ತಂಡದ ಆಟವಾದರೆ ಚೌಕಿಯಲ್ಲಿ ಅವರ ಅರ್ಥದ (ವೇದಿಕೆಯಲ್ಲಿ ಆಡುವ ಮಾತಿನ) ಪುಸ್ತಕ ತೋರಿಸಲು ಕೇಳಿ. ಕನ್ನಡ ಮಾತು ದೇವನಾಗರಿಯಲ್ಲಿ ಬರೆದದ್ದು ಸಿಕ್ಕರೆ ಒಂದು ಪುಟದ ನಕಲು ಬೇಡಿ ಪಡೆಯಿರಿ.

ರಾತ್ರಿ ಮಲಗುವ ಮೊದಲು ಮಾಡಿ ಮುಗಿಸಬೇಕಾದ್ದು ಸ್ವಲ್ಪವೇ. ರೆಕಾರ್ಡುಗಳಿಗೆ ತಾರೀಕು, ಸ್ಥಳ, ಕ್ರಮಸಂಖ್ಯೆ ಸೇರಿಸಿ ಹೆಸರು ಕೊಡುವುದು. ಮಾತಾಡಿದವರ ನಿಜ ಹೆಸರು ಫೈಲಿನ ಹೆಸರಿನಲ್ಲಿ ಬೇಡ, ಅದು ಬೇರೆ ಪುಸ್ತಕದಲ್ಲಿರಲಿ. ಎರಡು ಕಡೆ ನಕಲು. ತುಳುವಿನಲ್ಲಿ ನಡೆದ ಮಾತಿನ ಭಾಗವನ್ನು ಗುರುತು ಮಾಡಿಡುವುದು, ಬರಹಕ್ಕಿಳಿಸಲು ಅದಕ್ಕೆ ಮೂರು ಪಟ್ಟು ಹೊತ್ತು ಬೇಕಾಗುತ್ತದೆ. ಚೌಕಿಯಲ್ಲಿ ತೆಗೆದ ಫೋಟೊಗಳನ್ನು ಕಲಾವಿದರಿಗೆ ಅಂದೇ ವಾಟ್ಸಾಪಿನಲ್ಲಿ ಕಳಿಸಿ. ಅವರಲ್ಲಿ ಮುಂಬೈಯಲ್ಲೇ ಇರುವವರು ಸೋಮವಾರದಿಂದ ಮತ್ತೆ ಹೋಟೆಲಿನ ಪಾಳಿಗೆ, ಬ್ಯಾಂಕಿಗೆ, ಕೊರಿಯರ್ ಆಫೀಸಿಗೆ ಹೋಗುವವರು. ವಾರ ಬಿಟ್ಟು ಕಳಿಸಿದರೆ ನೋಡುತ್ತಾರೆ, ಉತ್ತರ ಬರೆಯುವುದಿಲ್ಲ.